ಮುಕ್ತವಿದ್ಯೆಯ ಮೂಲವೂ ಅರ್ಥವೂ

'ಮುಕ್ತ' ಎಂಬ ಶಬ್ದವು ಶಾಸ್ತ್ರಗಳಲ್ಲಿ ಬಹುಕಾಲದಿಂದ ಜೀವನನ್ನು ಕುರಿತು ಬಳಕೆಯಾಗಿ ಬಂದಿರುವುದು. ಪಾಶದಿಂದ ಬಿಡುಗಡೆ ಹೊಂದಿದವನು ಮುಕ್ತನು. ಆ ಬಿಡುಗಡೆಗೆ ಸಾಧನವಾದುದು ವಿದ್ಯೆ. ಇದು ಹಿಂದಿನವರ ಮಾತಿನ ಕ್ರಮ. ಈಚೆಗೆ ಅರ್ಧಶತಮಾನದಿಂದ ಈ ಶಬ್ದವು ಜೀವನನ್ನು ಬಿಟ್ಟು ವಿದ್ಯೆಗೇ ವಿಶೇಷಣವಾಗಿ ನಿಂತಿದೆ. ಮುಕ್ತ ವಿಶ್ವವಿದ್ಯಾನಿಲಯ, ಮುಕ್ತ ಶಾಲೆ, ಮುಕ್ತ ಪಠ್ಯ ಎಂಬ ಮಾತುಗಳು ಈಗ ಹಳ್ಳಿಯ ಮನೆಗಳಲ್ಲಿಯೂ ಕೇಳಬರುತ್ತವೆ. ವಿದ್ಯೆಯನ್ನು ಮುಕ್ತವೆಂದು ಕರೆದ ಮೇಲೆ ಅದು ಹಿಂದೆ ಬದ್ಧವಾಗಿತ್ತೆಂದೇ ಆಯಿತು. ಬಿಡಿಸತಕ್ಕ ವಸ್ತುವೇ ಕಟ್ಟಿಗೆ ಸಿಲುಕಿದುದು ಹೇಗೆ, ಆ ಕಟ್ಟನ್ನು ಬಿಚ್ಚಿದವರು ಯಾರು, ಬಿಚ್ಚಿದ ಬಳಿಕವೂ ಉಳಿದಿರುವ ಗಂಟುಗಳು ಯಾವುವು ಎಂಬುದನ್ನು ವಿಚಾರಿಸುವುದು ಶರಣರ ಮಾತನ್ನು ನಂಬಿ ನಡೆಯುವ ಗೃಹಸ್ಥರಿಗೆ ಅಪ್ರಕೃತವಾಗಲಾರದು.

ಶಾಸ್ತ್ರಕಾರರು ಯಾವುದೇ ಗ್ರಂಥವನ್ನು ಆರಂಭಿಸುವಾಗ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲು ಹೇಳುವ ಪದ್ಧತಿಯುಂಟು. ಇವುಗಳಲ್ಲಿ ಕೊನೆಯದಾದ ಅಧಿಕಾರವೇ ನಮ್ಮ ಪ್ರಕೃತ ವಿಷಯದ ಕೀಲು. ಅಧಿಕಾರವೆಂದರೆ ಇಲ್ಲಿ ಆಳುವ ಶಕ್ತಿಯಲ್ಲ. ಓದುವುದಕ್ಕೆ ಇರಬೇಕಾದ ಅರ್ಹತೆ. ಅರ್ಹತೆಯನ್ನು ನೋಡಿ ಉಪದೇಶಿಸಬೇಕೆಂಬ ನಿಯಮವು ಮೂಲತಃ ಕೆಟ್ಟದ್ದಲ್ಲ. ಚಿತ್ತವು ಪಕ್ವವಾಗದವನಿಗೆ ಗಹನವಾದುದನ್ನು ಹೇಳಿದರೆ ಹೇಳಿದವನ ಶ್ರಮವೂ ಕೇಳಿದವನ ಕಾಲವೂ ವ್ಯರ್ಥವೆಂಬುದು ಪಾಠ ಹೇಳಿದವರಿಗೆಲ್ಲ ತಿಳಿದ ಸಂಗತಿ. ಆದರೆ ಪಕ್ವತೆಯನ್ನು ಅಳೆಯಬೇಕಾದ ಕಡೆ ಜನ್ಮವನ್ನು ಅಳೆಯುವುದು ಮೊದಲಾದಂದಿನಿಂದ ಈ ನಿಯಮವು ತನ್ನ ಅರ್ಥವನ್ನು ಕಳೆದುಕೊಂಡಿತು.

ಛಾಂದೋಗ್ಯೋಪನಿಷತ್ತಿನಲ್ಲಿ ಈ ಎರಡು ಅಳತೆಗಳೂ ಅಕ್ಕಪಕ್ಕದಲ್ಲಿಯೇ ಕಾಣುತ್ತವೆ. ಸತ್ಯಕಾಮನೆಂಬ ಬಾಲಕನು ಬ್ರಹ್ಮಚರ್ಯಕ್ಕಾಗಿ ಹೊರಟು ತಾಯಿಯಾದ ಜಬಾಲೆಯನ್ನು ತನ್ನ ಗೋತ್ರವಾವುದೆಂದು ಕೇಳುತ್ತಾನೆ. ತಾನು ಯೌವನದಲ್ಲಿ ಹಲವೆಡೆ ಪರಿಚರ್ಯೆ ಮಾಡುತ್ತಿದ್ದಾಗ ಅವನನ್ನು ಪಡೆದೆನಾಗಿ ಗೋತ್ರವು ತಿಳಿಯದೆಂದು ಆಕೆ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಬಾಲಕನು ಅದನ್ನೇ ಹಾರಿದ್ರುಮತ ಗೌತಮನ ಮುಂದೆ ಅರುಹುತ್ತಾನೆ. ಗೌತಮನು ಗೋತ್ರವನ್ನು ಬಿಟ್ಟು ಸತ್ಯವನ್ನು ನೋಡಿ ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ನಾನೂರು ಬಡಕಲು ಹಸುಗಳನ್ನು ಕಾಯಲು ಕೊಡುತ್ತಾನೆ. ಅವು ಸಾವಿರವಾಗುವ ತನಕ ಹುಡುಗನು ಅಡವಿಯಲ್ಲಿದ್ದು, ವೃಷಭ, ಅಗ್ನಿ, ಹಂಸ, ಮದ್ಗುವೆಂಬ ನೀರುಹಕ್ಕಿ ಇವುಗಳಿಂದ ಬ್ರಹ್ಮದ ಒಂದೊಂದು ಪಾದವನ್ನು ಕಲಿತು ಹಿಂತಿರುಗುತ್ತಾನೆ. ದನ ಕಾಯುವುದೇ ಪಾಠವಾದ ಈ ಶಾಲೆಗೆ ಗೋಡೆಗಳಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಅದೇ ಉಪನಿಷತ್ತಿನಲ್ಲಿ ಇದಕ್ಕೆ ತುಸು ಮುಂಚೆ ಜಾನಶ್ರುತಿಯ ಕಥೆ ಬರುತ್ತದೆ. ಬಂಡಿಯ ಕೆಳಗೆ ಕುಳಿತು ಮೈ ಕೆರೆದುಕೊಳ್ಳುತ್ತಿದ್ದ ರೈಕ್ವನು ತನ್ನಲ್ಲಿಗೆ ವಿದ್ಯೆಗಾಗಿ ಬಂದ ಜಾನಶ್ರುತಿಯನ್ನು ಶೂದ್ರನೆಂದು ಕರೆಯುತ್ತಾನೆ, ಕೊನೆಗೆ ಅವನಿಗೆ ವಿದ್ಯೆಯನ್ನೂ ಕೊಡುತ್ತಾನೆ. ಸರಳವಾಗಿ ಓದಿದರೆ ಶೂದ್ರನಿಗೂ ವಿದ್ಯೆ ದೊರೆಯಿತೆಂದೇ ಅರ್ಥ. ಬ್ರಹ್ಮಸೂತ್ರಗಳ ಅಪಶೂದ್ರಾಧಿಕರಣವಾದರೋ ಇದನ್ನು ಒಪ್ಪದೆ, ಇಲ್ಲಿ ಶೂದ್ರಪದವು ಜಾತಿವಾಚಕವಲ್ಲ, ಶೋಕದಿಂದ ಓಡಿಬಂದವನೆಂಬ ಯೌಗಿಕಾರ್ಥದ್ದು ಎಂದು ಸಾಧಿಸಲು ಹೊರಟಿತು. ವೇದವನ್ನು ಕೇಳಿದ ಶೂದ್ರನಿಗೆ ಸ್ಮೃತಿಗಳು ವಿಧಿಸಿದ ಕಠೋರ ಶಿಕ್ಷೆಗಳನ್ನು ಭಾಷ್ಯಕಾರರು ಅಲ್ಲಿಯೇ ಉದಾಹರಿಸಿದರು. ಒಂದು ತೆರೆದ ಬಾಗಿಲನ್ನು ವ್ಯಾಕರಣದ ಅಗುಳಿಯಿಂದ ಮುಚ್ಚಿದ ನಿದರ್ಶನವು ಇದಕ್ಕಿಂತ ಸ್ಪಷ್ಟವಾಗಿ ದೊರೆಯುವುದು ದುರ್ಲಭ. ವ್ಯುತ್ಪತ್ತಿಶಾಸ್ತ್ರವನ್ನು ಕಲಿತವರು ಅದನ್ನು ಯಾವುದಕ್ಕೆ ಉಪಯೋಗಿಸುತ್ತಾರೆಂಬುದರ ಮೇಲೆ ಅವರ ಪಾಂಡಿತ್ಯದ ಬೆಲೆಯನ್ನು ಕಟ್ಟಬೇಕಾಗುವುದು.

ಕನ್ನಡ ನಾಡಿನಲ್ಲಿ ಈ ಕಟ್ಟನ್ನು ಸಡಿಲಿಸುವ ಕಾರ್ಯವು ಹನ್ನೆರಡನೆಯ ಶತಮಾನಕ್ಕಿಂತ ಮೊದಲೇ ಕೆಲಮಟ್ಟಿಗೆ ನಡೆದಿತ್ತೆಂಬುದನ್ನು ಮರೆಯಬಾರದು. ಜೈನರಲ್ಲಿ ಆಹಾರ, ಅಭಯ, ಔಷಧಗಳೊಂದಿಗೆ ಶಾಸ್ತ್ರವೂ ದಾನಯೋಗ್ಯವಾದ ವಸ್ತುವೆನಿಸಿತ್ತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ ಒಬ್ಬ ಗೃಹಿಣಿಯು ಕನ್ನಡ ಗ್ರಂಥವೊಂದನ್ನು ಸಾವಿರ ಕೈಗಳಿಗೆ ತಲಪಿಸಿದುದು ಸಾಮಾನ್ಯ ಸಾಹಸವಲ್ಲ.

ಬಳ್ಳಿಗಾವೆಯ ಕೋಡಿಯ ಮಠದ 1162ನೆಯ ಇಸವಿಯ ಶಾಸನವೂ ಇಲ್ಲಿ ವಿಚಾರಾರ್ಹವಾದುದು. ಅದು ಬಿಜ್ಜಳನ ಕಾಲ. ಎಂದರೆ ಬಸವಣ್ಣನವರ ಕಾಲವೇ ಸರಿ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಆ ಕಾಳಾಮುಖ ಮಠದಲ್ಲಿ ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದುದನ್ನು ಶಾಸನವು ಹೇಳುತ್ತದೆ. ಬಳಿಕ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ದೇಶದ ಭಿಕ್ಷುಕರು ಇವರಿಗೆಲ್ಲ ಅಲ್ಲಿ ಅನ್ನವುಂಟೆಂದೂ, ರೋಗಿಗಳಿಗೆ ಔಷಧವುಂಟೆಂದೂ ಸಾರುತ್ತದೆ. ಎಷ್ಟು ಉದಾರವಾದ ಮನೆ! ಆದರೆ ಎರಡು ಪಟ್ಟಿಗಳನ್ನು ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಕುಂಟ ಕುರುಡರ ಹೆಸರು ಅನ್ನದ ಪಟ್ಟಿಯಲ್ಲಿದೆ. ವಿದ್ಯೆಯ ಪಟ್ಟಿಯಲ್ಲಿ ಶಾಸ್ತ್ರಗಳ ಹೆಸರುಗಳಿವೆಯೇ ಹೊರತು ಜನರ ಹೆಸರುಗಳಿಲ್ಲ. ಉಂಡವನು ಕೈ ತೊಳೆದು ಪಾಠದ ಪಡಸಾಲೆಗೆ ಬರಬಹುದಾಗಿತ್ತೇ ಎಂಬುದಕ್ಕೆ ಶಾಸನದಲ್ಲಿ ಉತ್ತರವಿಲ್ಲ.

ಕಲ್ಯಾಣದ ಶರಣರು ಆ ಪಡಸಾಲೆಯನ್ನೇ ಹೊರಗೆ ತಂದರು. ಅನುಭವಮಂಟಪದ ಸ್ವರೂಪವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಅದು ಕಲ್ಲಿನ ಕಟ್ಟಡವಾಗಿತ್ತೇ, ಶರಣಗೋಷ್ಠಿಗೆ ಇಟ್ಟ ಹೆಸರೇ ಎಂಬ ಚರ್ಚೆ ನಡೆಯಲಿ. ಆ ಗೋಷ್ಠಿಯಿಂದ ಹೊರಬಂದ ವಚನರಾಶಿಯು ಮಾತ್ರ ಚರ್ಚೆಗೆ ಅವಕಾಶವಿಲ್ಲದ ಸಾಕ್ಷಿ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬಿದಿರಿನ ಕೆಲಸದ ಕೇತಯ್ಯ, ದನ ಕಾಯುವ ರಾಮಣ್ಣ ಇವರು ಕೇಳುಗರಾಗಿ ಮೂಲೆಯಲ್ಲಿ ಕುಳಿತವರಲ್ಲ; ತಾವೇ ನುಡಿದವರು, ನುಡಿದುದಕ್ಕೆ ತಮ್ಮ ಅಂಕಿತವನ್ನು ಒತ್ತಿದವರು. ಉಳಿದವರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ ಚೌಡಯ್ಯನವರು ಅಂಬಿಗರ ಚೌಡಯ್ಯನೆಂಬ ತಮ್ಮ ಹೆಸರನ್ನೇ ಇಟ್ಟುಕೊಂಡರು. ಕಾಯಕದ ಹೆಸರು ಗ್ರಂಥಕರ್ತನ ಹೆಸರಿನೊಡನೆ ಹೀಗೆ ಅಂಟಿಕೊಂಡು ಬಂದುದು ಹಿಂದೆ ನಮ್ಮ ಸಾಹಿತ್ಯದಲ್ಲಿ ಕಾಣದ ಮಾತು.

ವಿದ್ಯೆಯನ್ನು ತೆರೆಯುವುದೆಂದರೆ ಬಡವನಿಗೆ ಕೇಳುವ ಅವಕಾಶವನ್ನು ಕೊಡುವುದೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಕೇಳುವ ಅವಕಾಶವು ಪುರಾಣಶ್ರವಣದ ಮೂಲಕ ಶೂದ್ರರಿಗೂ ಸ್ತ್ರೀಯರಿಗೂ ಮೊದಲೇ ಇದ್ದಿತು. ಶರಣರು ಹೊಸದಾಗಿ ತೆರೆದುದು ಹೇಳುವ ಅವಕಾಶವನ್ನು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಅವರ ಪತ್ನಿ ಲಕ್ಕಮ್ಮನವರು ಅದನ್ನು ಆಸೆಯೆಂದು ಆಕ್ಷೇಪಿಸಿ, ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವು ಭಕ್ತರಿಗೆಲ್ಲ ತಿಳಿದುದೇ ಆಗಿದೆ. ಅಲ್ಲಿ ಗುರುಸ್ಥಾನದಲ್ಲಿ ನಿಂತವಳು ಹೆಂಡತಿ, ಶಿಷ್ಯನಾಗಿ ತಲೆಬಾಗಿದವನು ಗಂಡ, ಪಾಠದ ವಸ್ತು ಒಂದು ಹಿಡಿ ಅಕ್ಕಿ. ಮೂವತ್ತಕ್ಕೂ ಮಿಕ್ಕಿ ಶರಣೆಯರ ವಚನಗಳು ಇಂದು ದೊರೆತಿವೆ. ಅಷ್ಟು ಮಂದಿ ಸ್ತ್ರೀಯರು ಒಂದೇ ಪರಂಪರೆಯಲ್ಲಿ ತತ್ತ್ವವನ್ನು ಕುರಿತು ಬರೆದುದು ಆ ಕಾಲದ ಬೇರಾವ ನಾಡಿನಲ್ಲಿಯೂ ಸುಲಭವಾಗಿ ಕಾಣಸಿಗದು.

ಉರಿಲಿಂಗಪೆದ್ದಿಗಳ ಚರಿತ್ರೆಯು ಇನ್ನೂ ಹೆಚ್ಚು ಮನನಯೋಗ್ಯವಾದುದು. ಅಸ್ಪೃಶ್ಯರೆನಿಸಿದವರ ಕುಲದಲ್ಲಿ ಹುಟ್ಟಿ, ಕಳ್ಳತನದಿಂದ ಜೀವಿಸುತ್ತಿದ್ದ ಇವರು ಕಳವಿಗೆಂದು ಹೊಕ್ಕ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ನೀಡುತ್ತಿದ್ದುದನ್ನು ಮರೆಯಲ್ಲಿ ನಿಂತು ಕಂಡರೆಂದೂ, ಅಂದಿನಿಂದ ಮಠಕ್ಕೆ ಕಟ್ಟಿಗೆಯ ಹೊರೆಯನ್ನು ಹೊತ್ತು ಸೇವಿಸುತ್ತ ಕಡೆಗೆ ಗುರುವಿನ ಕರುಣೆಗೆ ಪಾತ್ರರಾದರೆಂದೂ ಐತಿಹ್ಯವುಂಟು. ಗುರುವಿನ ತರುವಾಯ ಕಂದಾರದ ಪೀಠಕ್ಕೆ ಇವರೇ ಅಧಿಪತಿಗಳಾದರು. ಇಷ್ಟಾದರೆ ಭಕ್ತಿಯ ಮಹಿಮೆಯೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಇವರ ವಚನಗಳನ್ನು ತೆರೆದು ನೋಡಿದವರಿಗೆ ಅಲ್ಲಿ ಶ್ರುತಿ, ಸ್ಮೃತಿ, ಆಗಮ, ಪುರಾಣಗಳ ಸಂಸ್ಕೃತ ವಾಕ್ಯಗಳು ಸಾಲುಸಾಲಾಗಿ ಸಿಗುತ್ತವೆ. ಯಾವ ಶಬ್ದವು ಕಿವಿಗೆ ಬಿದ್ದರೆ ದಂಡನೆಯೆಂದು ಸ್ಮೃತಿಗಳು ವಿಧಿಸಿದ್ದವೋ ಅದೇ ಶಬ್ದವನ್ನು ಪ್ರಮಾಣವಾಗಿ ಹಿಡಿದು, ಅರ್ಥವಿಸಿ, ಅದರಿಂದಲೇ ಕುಲಗರ್ವವನ್ನು ಖಂಡಿಸಿದ ಪಂಡಿತರಿವರು. ಇವರ ಪತ್ನಿ ಕಾಳವ್ವೆಯವರೂ ವಚನಕಾರ್ತಿ. ಶರಣರು ಸಂಸ್ಕೃತವನ್ನು ತಳ್ಳಿ ಕನ್ನಡವನ್ನು ಹಿಡಿದರೆಂದು ಹೇಳುವವರು ಉರಿಲಿಂಗಪೆದ್ದಿಗಳನ್ನು ಒಮ್ಮೆ ಓದಬೇಕು. ತಳ್ಳಿದುದು ಸಂಸ್ಕೃತವನ್ನಲ್ಲ, ಅದರ ಕಾವಲನ್ನು.

ಹಾಗಾದರೆ ಶರಣರು ಅಧಿಕಾರದ ನಿಯಮವನ್ನು ಪೂರ್ತಿಯಾಗಿ ತೆಗೆದುಹಾಕಿದರೇ? ಇಲ್ಲ. ದೀಕ್ಷೆಯುಂಟು, ಆಚಾರವುಂಟು, ಷಟ್ಸ್ಥಲದ ಮೆಟ್ಟಿಲುಗಳುಂಟು. ಅವರು ಹೊಸ್ತಿಲನ್ನು ಕಿತ್ತೊಗೆಯಲಿಲ್ಲ. ಅದನ್ನು ಜನ್ಮದ ಮುಂದಿನಿಂದ ಎತ್ತಿ ನಡತೆಯ ಮುಂದೆ ಇಟ್ಟರು. ಜನ್ಮದ ಹೊಸ್ತಿಲನ್ನು ಹೊರಗಿನವನು ಎಷ್ಟು ಪ್ರಯತ್ನಿಸಿದರೂ ದಾಟಲಾರ. ನಡತೆಯ ಹೊಸ್ತಿಲನ್ನು ಯಾರಾದರೂ ದಾಟಬಹುದು, ಒಳಗಿದ್ದವನೂ ಎಡವಬಹುದು. ಇನ್ನೊಂದು ಮಾತು. ತಿಳಿಗನ್ನಡದಲ್ಲಿ ನುಡಿದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ತಿಳಿಯುವುದೆಂಬ ಭ್ರಮೆಯೂ ಶರಣರಿಗಿರಲಿಲ್ಲ. ಅಲ್ಲಮಪ್ರಭುಗಳ ಬೆಡಗಿನ ವಚನಗಳಲ್ಲಿ ಒಂದೊಂದು ಶಬ್ದವೂ ಅಂಗಡಿಬೀದಿಯದು. ಅರ್ಥವಾದರೋ ಟೀಕೆಯಿಲ್ಲದೆ ಕೈಗೆ ಹತ್ತದು. ಬಾಗಿಲು ತೆರೆದಿರುವುದು ಬೇರೆ, ದಾರಿ ಸುಲಭವಾಗಿರುವುದು ಬೇರೆ. ಈಗಿನ ವಿದ್ಯಾಭ್ಯಾಸದ ಚರ್ಚೆಗಳಲ್ಲಿ ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಪಠ್ಯಗಳು ತೆಳ್ಳಗಾಗುತ್ತಿವೆ.

ಕಲ್ಯಾಣದ ವಿಪ್ಲವದ ಅನಂತರ ವಚನಗಳು ಓಲೆಗರಿಗಳಲ್ಲಿ ಊರೂರು ಸೇರಿದವು. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿರಕ್ತರೂ ಅವರ ಅನಂತರದವರೂ ಅವುಗಳನ್ನು ಸಂಕಲಿಸಿ, ಟೀಕೆ ಬರೆದು, ಶೂನ್ಯಸಂಪಾದನೆಗಳನ್ನು ರಚಿಸಿ ಮಹೋಪಕಾರ ಮಾಡಿದರು. ಆದರೆ ಕಾಲಕ್ರಮದಲ್ಲಿ ಭಕ್ತರ ಮನೆಗಳಲ್ಲಿ ಓಲೆಯ ಕಟ್ಟುಗಳು ಕೆಂಪು ಅರಿವೆಯಲ್ಲಿ ಸುತ್ತಲ್ಪಟ್ಟು ಜಗಲಿಯನ್ನೇರಿದವು. ವಿಭೂತಿ ಹಚ್ಚಿದರು, ಪತ್ರೆ ಏರಿಸಿದರು. ಬಿಚ್ಚಿ ಓದುವವರು ವಿರಳರಾದರು. ಹೀಗೆ ಯಾರ ನಿಷೇಧವೂ ಇಲ್ಲದೆ, ಕೇವಲ ಗೌರವದ ಭಾರದಿಂದಲೇ, ತೆರೆದ ವಿದ್ಯೆಯು ಮತ್ತೆ ಮುಚ್ಚಿತು. ಹುಳು ತಿಂದ ಗರಿಗಳೆಷ್ಟೋ, ಹೊಳೆಯ ಪಾಲಾದ ಕಟ್ಟುಗಳೆಷ್ಟೋ!

ಈ ಕಟ್ಟುಗಳನ್ನು ಬಿಚ್ಚಲು ಮನೆಮನೆ ತಿರುಗಿದವರಲ್ಲಿ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು (1880-1964) ಅಗ್ರಗಣ್ಯರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗವು 1923ರಲ್ಲಿ ಅಚ್ಚಾಯಿತು. ಮುಂದಿನ ಗ್ರಂಥಗಳಿಗೆ ಅನ್ಯರ ಮುದ್ರಣಾಲಯಗಳನ್ನು ನಂಬಲಾಗದೆ, ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ತಾವು ಬಾಡಿಗೆಯ ಮನೆಯಲ್ಲಿದ್ದು ವಚನಗಳಿಗೆ ಮನೆ ಕಟ್ಟಿಕೊಟ್ಟ ಈ ಗೃಹಸ್ಥರನ್ನು ವಚನಪಿತಾಮಹರೆಂದು ನಾಡು ಕರೆದುದು ಯುಕ್ತವೇ ಆಗಿದೆ. ಮುಂದೆ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 1993ರಲ್ಲಿ ಹದಿನೈದು ಸಂಪುಟಗಳಾಗಿ ಪ್ರಕಟಿಸಿತು. ಈಗ ಅಂತರ್ಜಾಲದಲ್ಲಿ ವಚನಗಳನ್ನು ಶಬ್ದಶಬ್ದವಾಗಿ ಹುಡುಕಬಹುದಾಗಿದೆ, ಅದಕ್ಕೆ ಶುಲ್ಕವೂ ಇಲ್ಲ.

ಗ್ರಂಥವು ತೆರೆದ ಮಾತ್ರಕ್ಕೆ ಹಸಿದ ಹುಡುಗನು ಓದಲಾರನಷ್ಟೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಮಠಗಳು ಈ ಸತ್ಯವನ್ನು ಮನಗಂಡು ಪ್ರಸಾದನಿಲಯಗಳನ್ನು ತೆರೆದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು, ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ಈ ಕಾರ್ಯದಲ್ಲಿ ಪ್ರಾತಃಸ್ಮರಣೀಯರು. ಉದ್ದಾನ ಶಿವಯೋಗಿಗಳು ಎತ್ತಿನ ಬಂಡಿಯಲ್ಲಿ ಹಳ್ಳಿಹಳ್ಳಿಗೆ ಹೋಗಿ ಕಣಗಳಿಂದ ಧಾನ್ಯವನ್ನು ಸಂಗ್ರಹಿಸಿ ತಂದು ಮಕ್ಕಳಿಗೆ ಉಣಬಡಿಸಿದರು. 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನೂ ಆರಂಭಿಸಿದರು. 1941ರಲ್ಲಿ ಮಠದ ಹೊಣೆ ಹೊತ್ತು 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಬಳಿಕ ಪಾಠಕ್ಕೆ ಎದ್ದರು. ಬಳ್ಳಿಗಾವೆಯ ಶಾಸನದ ಎರಡು ಪಟ್ಟಿಗಳು ಇಲ್ಲಿ ಒಂದಾದವು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯನ್ನು ಇದರೊಡನೆ ಸೇರಿಸಿಯೇ ಹೇಳಬೇಕು. ಹಾನಗಲ್ಲ ಕುಮಾರ ಸ್ವಾಮಿಗಳ ಕೃಪೆಯಿಂದ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು (1892-1944) ಮೊದಲು ನೆಲೆಯಿಲ್ಲದ ಸಂಚಾರಿ ಪಾಠಶಾಲೆಯನ್ನು ಕಟ್ಟಿಕೊಂಡು ಊರಿಂದೂರಿಗೆ ನಡೆದರು. ಅಂಧರೂ ಅನಾಥರೂ ಆದ ಮಕ್ಕಳು ಜೊತೆಗೆ. ಕೋಡಿಯ ಮಠದಲ್ಲಿ ಕುರುಡರಿಗೆ ಅನ್ನವಿದ್ದಿತು. ಇಲ್ಲಿ ಕುರುಡರೇ ಗುರುಗಳಾದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಬ್ರೈಲ್ ಲಿಪಿಯಲ್ಲಿ ಗ್ರಂಥಗಳನ್ನೂ ರಚಿಸಿದರು.

ಸ್ತುತಿಯ ಭರದಲ್ಲಿ ಒಂದು ಅಪ್ರಿಯ ಸತ್ಯವನ್ನು ಮರೆಮಾಡಬಾರದು. ಆ ಕಾಲದ ವಿದ್ಯಾಸಂಸ್ಥೆಗಳೂ ದತ್ತಿಗಳೂ ವಿದ್ಯಾರ್ಥಿನಿಲಯಗಳೂ ಎಲ್ಲ ಆರಂಭದಿಂದಲೇ ಎಲ್ಲರಿಗೂ ತೆರೆದಿರಲಿಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಕಟ್ಟಿದ ಸಂಸ್ಥೆಯ ಹೆಸರಿನಲ್ಲಿಯೇ ಲಿಂಗಾಯತ ಎಂಬ ಮಾತಿದೆ. ಹಿಂದುಳಿದಿದ್ದ ಸಮಾಜವು ಮೊದಲು ತನ್ನ ಮಕ್ಕಳನ್ನು ಎತ್ತಿಕೊಂಡಿತು; ಅದು ಸಹಜ, ಅದರಿಂದ ನಾಡಿಗಾದ ಉಪಕಾರವೂ ದೊಡ್ಡದು. ಆದರೂ ಕುಲವನ್ನು ಕೇಳಬಾರದೆಂದ ಶರಣರ ಹೆಸರಿನಲ್ಲಿ ನಡೆಯುವ ನಿಲಯವೊಂದರಲ್ಲಿ ಪ್ರವೇಶಪತ್ರದ ಮೇಲೆ ಉಪಪಂಗಡವನ್ನು ಕೇಳುವ ಕಲಮು ಇದ್ದರೆ, ಆ ಕಲಮನ್ನು ಯಾವ ಟೀಕೆಯಿಂದಲೂ ಸಮರ್ಥಿಸಲು ಬರುವುದಿಲ್ಲ.

'ಮುಕ್ತ' ಎಂಬ ವಿಶೇಷಣವು ವಿಶ್ವವಿದ್ಯಾನಿಲಯಕ್ಕೆ ಅಂಟಿಕೊಂಡುದು ಇಂಗ್ಲೆಂಡಿನಲ್ಲಿ. ಅಲ್ಲಿ 1840ರ ವೇಳೆಗೇ ಐಸಾಕ್ ಪಿಟ್ಮನ್ ಎಂಬಾತನು ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸಿದನು. ಲಂಡನ್ ವಿಶ್ವವಿದ್ಯಾನಿಲಯವು 1858ರಿಂದ ಹೊರಗಿನ ಅಭ್ಯರ್ಥಿಗಳಿಗೂ ಪರೀಕ್ಷೆಗೆ ಅವಕಾಶವಿತ್ತಿತು. 1969ರಲ್ಲಿ ರಾಜಸನ್ನದು ಪಡೆದು 1971ರ ಜನವರಿಯಲ್ಲಿ ಪಾಠಗಳನ್ನು ಆರಂಭಿಸಿದ ಅಲ್ಲಿನ ಮುಕ್ತ ವಿಶ್ವವಿದ್ಯಾನಿಲಯವು ಹಿಂದಿನ ಯಾವ ಪರೀಕ್ಷೆಯ ಅರ್ಹತೆಯನ್ನೂ ಕೇಳದೆ 20,000ಕ್ಕೂ ಮಿಕ್ಕಿ ಜನರನ್ನು ಮೊದಲ ವರ್ಷದಲ್ಲಿಯೇ ಸೇರಿಸಿಕೊಂಡಿತು. ಅದರ ಪ್ರಥಮ ಕುಲಾಧಿಪತಿಗಳಾದ ಕ್ರೌಥರ್ ಅವರು ಆರಂಭದ ಭಾಷಣದಲ್ಲಿ ಮುಕ್ತತೆಯನ್ನು ಜನ, ಸ್ಥಳ, ಕ್ರಮ, ವಿಚಾರ ಎಂಬ ನಾಲ್ಕು ವಿಧವಾಗಿ ವಿವರಿಸಿದರು. ಭಾರತದಲ್ಲಿ ಮೊದಲನೆಯದು 1982ರಲ್ಲಿ ಹೈದರಾಬಾದಿನಲ್ಲಿ ಆಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 1985ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ತೊಡಗಿದ ಅಂಚೆಪಾಠದ ಬೀಜವು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಮೊಳೆಯಿತು. 2001ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನ ಪಾಠಗಳ ಸಾಮಗ್ರಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಡುವೆನೆಂದು ಸಾರಿತು.

ಕ್ರೌಥರ್ ಅವರು ಎಣಿಸಿದ ನಾಲ್ಕರಲ್ಲಿ ಜನರ ವಿಷಯವು ಸತ್ಯಕಾಮನ ಕಥೆಯದು, ಸ್ಥಳದ್ದು ಅವನ ಅಡವಿಯದು, ಗವಾಯಿಗಳ ಬೀದಿಯದು. ಕ್ರಮಕ್ಕೆ ಅಂಚೆ, ಆಕಾಶವಾಣಿ, ದೂರದರ್ಶನ, ಈಗಿನ ಕೈಯ ಫೋನು ಎಲ್ಲವೂ ಒದಗಿವೆ. ನಾಲ್ಕನೆಯದಾದ ವಿಚಾರದ ಮುಕ್ತತೆಯೇ ದುರ್ಘಟವಾದುದು. ಪಾಠವನ್ನು ಎಲ್ಲರಿಗೂ ಹಂಚಬಹುದು. ಕಲಿತವನು ಎದ್ದು ನಿಂತು ಗುರುವಿಗೆ ಇಲ್ಲವೆನ್ನುವ, ಹೆಂಡತಿಯು ಗಂಡನಿಗೆ ಅಕ್ಕಿಯನ್ನು ಮರಳಿ ಸುರಿಯೆನ್ನುವ ಎಡೆ ಯಾವ ಫೋನಿನಲ್ಲಿಯೂ ತಾನಾಗಿ ಬರುವುದಿಲ್ಲ. ದೂರಶಿಕ್ಷಣಕ್ಕೆ ಹೆಸರು ಬರೆಯಿಸಿದವರಲ್ಲಿ ಅನೇಕರು ನಡುವೆ ಬಿಟ್ಟುಬಿಡುವರೆಂಬುದು ಎಲ್ಲ ದೇಶಗಳ ಅನುಭವ. ಪುಸ್ತಕವಿದ್ದು ಗೋಷ್ಠಿಯಿಲ್ಲದಿರುವುದೂ ಅದಕ್ಕೆ ಒಂದು ಕಾರಣ. ಶರಣರು ಅದಕ್ಕಾಗಿಯೇ ಓದಿಗಿಂತ ಸಂಗವನ್ನು ಮುಂದೆ ಇಟ್ಟರು.

ಗೋಷ್ಠಿಗೆ ಮಂಟಪವೇ ಬೇಕೆಂದಿಲ್ಲ. ಸಾಯಂಕಾಲದ ಪೂಜೆಯಾದ ಮೇಲೆ ಅನೇಕ ಭಕ್ತರ ಮನೆಗಳಲ್ಲಿ ಒಂದು ವಚನವನ್ನು ಓದುವ ಪದ್ಧತಿ ಇಂದಿಗೂ ಉಂಟು. ಓದುವವರು ಸಾಮಾನ್ಯವಾಗಿ ಮನೆಯ ಯಜಮಾನರು. ಅರ್ಥ ಹೇಳುವವರೂ ಅವರೇ. ಸೊಸೆಯು ಒಳಗೆ ಒಲೆಯ ಮುಂದಿರುತ್ತಾಳೆ. ತೋಟದ ಆಳು ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಒಂದು ದಿನ ಪುಸ್ತಕವನ್ನು ಸೊಸೆಯ ಕೈಗೂ ಮತ್ತೊಂದು ದಿನ ಆಳಿನ ಮಗನ ಕೈಗೂ ಕೊಟ್ಟು, ಅವರು ಹೇಳಿದ ಅರ್ಥವನ್ನು ಯಜಮಾನರು ಕೇಳಿ ಕುಳಿತಿರುವುದಕ್ಕೆ ಯಾವ ಸನ್ನದಿನ ಅವಶ್ಯಕತೆಯೂ ಇಲ್ಲ. ಓದತಕ್ಕ ವಚನಗಳಿಗೂ ಕೊರತೆಯಿಲ್ಲ. ಸೂಳೆ ಸಂಕವ್ವೆಯೆಂಬ ಶರಣೆಯದು ನಿರ್ಲಜ್ಜೇಶ್ವರನೆಂಬ ಅಂಕಿತದ ಒಂದೇ ಒಂದು ವಚನ ದೊರೆತಿದೆ. ವೃತ್ತಿಯ ಹೆಸರನ್ನು ಹೊತ್ತ ಆ ಹೆಣ್ಣಿನ ಮಾತನ್ನು ಯಾರೋ ಲಿಪಿಕಾರನು ಮಹಾತ್ಮರ ವಚನಗಳ ಸಾಲಿನಲ್ಲಿ ಬಿಡದೆ ಗರಿಯ ಮೇಲೆ ಕೊರೆದಿಟ್ಟನು. ಅವನು ತನ್ನ ಹೆಸರನ್ನು ಬರೆದಿಲ್ಲ.